ಹಿತ್ತಿಲಿನ ಹನ್ನೊಂದು ಕೋಳಿಗಳಿಗೆ ಒಂದು ಗೂಡು: ಪಾಯದಿಂದ ಮೊದಲ ಮೊಟ್ಟೆಯವರೆಗೆ

ಕೋಳಿಗೂಡಿನ ನಿಜವಾದ ಪರೀಕ್ಷೆ ನಡೆಯುವುದು ಆಷಾಢದ ರಾತ್ರಿಯಲ್ಲಿ. ಹಗಲು ಹೊತ್ತು ಕೋಳಿಗಳು ಹೊರಗೆ ಕೆದಕಿಕೊಂಡಿರುವುದರಿಂದ ಎಂಥ ಗೂಡಾದರೂ ನಡೆದುಹೋಗುತ್ತದೆ. ಆದರೆ ರಾತ್ರಿ ಹನ್ನೆರಡು ಗಂಟೆಗಳ ಕಾಲ ಅವು ಒಂದೇ ಜಾಗದಲ್ಲಿ, ತಮ್ಮದೇ ಹಿಕ್ಕೆಯ ಮೇಲೆ ಕುಳಿತು ಉಸಿರಾಡುತ್ತವೆ. ಹೊರಗೆ ಎಡೆಬಿಡದೆ ಸೋನೆ ಹಿಡಿದಿರುತ್ತದೆ. ಪುನುಗು ಬೆಕ್ಕು, ಬೀದಿನಾಯಿ, ಹೆಗ್ಗಣ, ಹಾವು ಇವೆಲ್ಲ ಓಡಾಡುವ ಹೊತ್ತೂ ಅದೇ. ನಮ್ಮ ಕಡೆಯ ಚಳಿಯನ್ನು ಬೆಳೆದ ಕೋಳಿ ತನ್ನ ಪುಕ್ಕದ ಬಲದಿಂದಲೇ ತಡೆದುಕೊಳ್ಳುತ್ತದೆ, ತೇವವನ್ನೂ ಕೆಟ್ಟ ಗಾಳಿಯನ್ನೂ ತಡೆದುಕೊಳ್ಳಲಾರದು. ಆದ್ದರಿಂದ ಒಣ ನೆಲ, ಮೇಲ್ಭಾಗದಲ್ಲಿ ಧಾರಾಳವಾದ ಗಾಳಿ, ಎಲ್ಲಿಯೂ ಅರ್ಧ ಅಂಗುಲಕ್ಕಿಂತ ದೊಡ್ಡ ಸಂದಿಲ್ಲದ ಗೋಡೆ, ಈ ಮೂರಕ್ಕೆ ಹಣ ಸುರಿದು ಉಳಿದೆಲ್ಲದರಲ್ಲಿ ಕೈ ಬಿಗಿ ಹಿಡಿಯುವುದೆಂದು ಮೊದಲೇ ತೀರ್ಮಾನಿಸಿಕೊಂಡು ಕೆಲಸ ಹಿಡಿದೆವು.

ನಮ್ಮ ಮನೆ ಹಾಸನದ ಹೊರವಲಯದಲ್ಲಿದೆ. ಸಕಲೇಶಪುರದ ಕಡೆಯ ಜಡಿಮಳೆ ನಮ್ಮಲ್ಲಿಗೆ ಬರುವಷ್ಟರಲ್ಲಿ ತೆಳ್ಳಗಾಗಿರುತ್ತದೆ, ಆದರೆ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಮನೆಯ ಹಿಂದೆ ನಾಲ್ಕು ತೆಂಗು, ಒಂದು ನುಗ್ಗೆ, ಬಾಳೆಯ ಎರಡು ಬುಡ, ಬಟ್ಟೆ ಒಗೆಯುವ ಕಲ್ಲು, ಇಷ್ಟು ಬಿಟ್ಟರೆ ಖಾಲಿ ಜಾಗ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆಯವರು ಮತ್ತು ಇಬ್ಬರು ಮಕ್ಕಳು. ಕೋಳಿ ಸಾಕಿ ಗೊತ್ತಿದ್ದವರು ಅತ್ತೆಯವರೊಬ್ಬರೇ. ಗೂಡಿನ ನಕ್ಷೆ ನೋಡಿ ಅವರು ಹೇಳಿದ್ದಿಷ್ಟು: "ಹತ್ತು ಕೋಳಿಗೆ ಇಷ್ಟು ದೊಡ್ಡ ಮನೆ ಯಾಕವ್ವ? ನಾವು ಸಂಜೆಗೆ ಮಂಕರಿ ಬೋರಲು ಹಾಕಿ ಮೇಲೊಂದು ಕಲ್ಲು ಹೇರ್ತಿದ್ವಿ, ಆಯ್ತು." ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ನಾಲ್ಕೈದು ನಾಟಿ ಕೋಳಿಗಳು ಹಗಲೆಲ್ಲ ತಿಪ್ಪೆ, ಕಣ, ಊರ ಬಯಲು ಸುತ್ತಿ ಬರುತ್ತಿದ್ದವು. ನಮ್ಮವು ಕಾಂಪೌಂಡಿನೊಳಗೇ ಬದುಕಬೇಕು. ಜಾಗ ಕಡಿಮೆಯಾದಷ್ಟೂ ಹಿಕ್ಕೆ ಒಂದೇ ಕಡೆ ಸೇರುತ್ತದೆ, ಕೋಳಿಗಳು ಒಂದನ್ನೊಂದು ಕುಕ್ಕುವುದೂ ಹೆಚ್ಚುತ್ತದೆ.

ಅಳತೆ ಮತ್ತು ಪಾಯ

ರಾತ್ರಿ ಮಲಗುವ ಗೂಡಿನಲ್ಲಿ ಬೆಳೆದ ಕೋಳಿಯೊಂದಕ್ಕೆ ಕನಿಷ್ಠ 2 ಚದರ ಅಡಿ, ಹಗಲು ಓಡಾಡುವ ಬಲೆಯಂಗಳದಲ್ಲಿ 8ರಿಂದ 10 ಚದರ ಅಡಿ ಜಾಗ ಬೇಕು. ಹತ್ತು ಹೇಂಟೆ, ಒಂದು ಹುಂಜ ಎಂದು ಲೆಕ್ಕ ಹಾಕಿ ಗೂಡಿನ ಒಳ ಅಳತೆಯನ್ನು 6 ಅಡಿ ಉದ್ದ, 4 ಅಡಿ ಅಗಲ ಎಂದೂ ಅದಕ್ಕೆ ತಗುಲಿದ ಅಂಗಳವನ್ನು 12 ಅಡಿಗೆ 10 ಅಡಿ ಎಂದೂ ಗುರುತು ಮಾಡಿದೆವು. ಗೂಡಿನ ಉದ್ದದ ಬದಿ ಪೂರ್ವ-ಪಶ್ಚಿಮವಾಗಿದೆ. ಹಾಗೆ ಇಟ್ಟರೆ ಏರುಬಿಸಿಲಾಗಲಿ ಇಳಿಬಿಸಿಲಾಗಲಿ ಅಗಲವಾದ ಜಾಲರಿಯ ಬದಿಗೆ ನೇರವಾಗಿ ಹೊಡೆಯುವುದಿಲ್ಲ, ಮುಂಗಾರಿನ ಗಾಳಿ ಬರುವ ಪಶ್ಚಿಮಕ್ಕೆ 4 ಅಡಿಯ ಚಿಕ್ಕ ಬದಿ ಮಾತ್ರ ಮುಖ ಕೊಡುತ್ತದೆ. ಆ ಒಂದು ಬದಿಯನ್ನು ಪೂರ್ತಿ ಗೋಡೆಯಾಗಿ ಮುಚ್ಚಿದರೆ ಮಳೆಯ ಮುಕ್ಕಾಲು ಕಾಟ ಅಲ್ಲಿಗೇ ಮುಗಿಯುತ್ತದೆ.

ನೆಲದ ವಿಷಯದಲ್ಲಿ ಎರಡು ದಾರಿಗಳಿದ್ದವು. ಮರದ ಕಾಲುಗಳ ಮೇಲೆ ಗೂಡನ್ನು ಎತ್ತರಿಸಿ, ಪಟ್ಟಿಗಳ ನಡುವೆ ಸಂದಿ ಬಿಟ್ಟು ಹಿಕ್ಕೆ ಕೆಳಗೆ ಬೀಳುವಂತೆ ಮಾಡುವುದು ಒಂದು; ಗಟ್ಟಿ ನೆಲದ ಮೇಲೆ ಭತ್ತದ ಹೊಟ್ಟು ಹರಡಿ, ಹಿಕ್ಕೆ ಅದರಲ್ಲೇ ಬೆರೆತು ಒಣಗುವಂತೆ ಮಾಡುವುದು ಇನ್ನೊಂದು. ಮೊದಲನೆಯದು ಅಗ್ಗ, ಗಾಳಿಯೂ ಚೆನ್ನಾಗಿ ಆಡುತ್ತದೆ. ಆದರೆ ಕೆಳಗೆ ಬಿದ್ದದ್ದನ್ನು ದಿನವೂ ಗುಡಿಸದಿದ್ದರೆ ಮಳೆಗಾಲದಲ್ಲಿ ನೊಣ ಹಾಗೂ ಹುಳು ತಪ್ಪುವುದಿಲ್ಲ, ಗೂಡಿನ ಅಡಿ ಹಾವು ಹೆಗ್ಗಣಗಳಿಗೆ ಮನೆಯಾಗುತ್ತದೆ. ಬೆಳಗ್ಗೆ ಶಾಲೆಯ ಬಸ್ಸಿಗೆ ಮಕ್ಕಳನ್ನು ಹೊರಡಿಸುವ ಮನೆಯಲ್ಲಿ ದಿನವೂ ಗುಡಿಸುವ ಮಾತು ನಡೆಯುವುದಲ್ಲವೆಂದು ನಾವು ಎರಡನೆಯದನ್ನೇ ಆರಿಸಿಕೊಂಡೆವು.

ಒಂದು ಅಡಿ ಆಳದ ಪಾಯ ತೆಗೆದು ಸೈಜುಕಲ್ಲು ಕೂರಿಸಿ, ಮೇಲೆ 6 ಅಂಗುಲದ ಸಿಮೆಂಟ್ ಇಟ್ಟಿಗೆಯಿಂದ ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿದೆವು. ಒಳಗೆ ಕಲ್ಲುಚೂರು ತುಂಬಿ ದಮ್ಮಸ್ಸು ಹೊಡೆದು, 3 ಅಂಗುಲ ಕಾಂಕ್ರೀಟ್ ಹಾಕಿ, ಒಂದು ಕಡೆಗೆ ಒಂದು ಅಂಗುಲ ವಾಟ ಕೊಟ್ಟು ನುಣ್ಣಗೆ ಗಾರೆ ಮಾಡಿಸಲಾಯಿತು. ವರ್ಷಕ್ಕೊಮ್ಮೆ ಹೊಟ್ಟನ್ನೆಲ್ಲ ತೆಗೆದು ತೊಳೆಯುವಾಗ ನೀರು ನಿಲ್ಲದೆ ಹರಿದುಹೋಗಲು ಈ ವಾಟ ಬೇಕು. ಎರಡು ಇಂಚಿನ ಚೌಕ ಕಬ್ಬಿಣದ ಪೈಪಿನ ನಾಲ್ಕು ಕಂಬಗಳನ್ನು ಮೂಲೆಗಳಲ್ಲಿ ನಿಲ್ಲಿಸಿದ ಮೇಲೆಯೇ ಕಾಂಕ್ರೀಟ್ ಹಾಕಿದ್ದರಿಂದ ಅವು ಕಟ್ಟೆಯೊಡನೆ ಒಂದಾಗಿವೆ. ಮರದ ಕಂಬಕ್ಕೆ ಗೆದ್ದಲಿನ ಭಯ. ಹಾಸನದಲ್ಲಿ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆಯಾದರೂ ನೆಲಕ್ಕೆ ತಾಗಿ ನಿಲ್ಲುವ ಕೆಲಸಕ್ಕೆ ಅದು ಬಾಳಿಕೆಯ ಮರವಲ್ಲ. ಮಾಡಿಗೆ ಮಾತ್ರ ಅದನ್ನು ಬಳಸಿದೆವು.

ಗೋಡೆ, ಜಾಲರಿ, ಬಾಗಿಲು

ಪಶ್ಚಿಮದ ಗೋಡೆ ಪೂರ್ತಿ 6 ಅಡಿ ಎತ್ತರ, 4 ಅಂಗುಲದ ಇಟ್ಟಿಗೆಯದು. ಉತ್ತರ ದಕ್ಷಿಣಗಳಲ್ಲಿ ಒಂದೂವರೆ ಅಡಿ ಮಾತ್ರ ಗೋಡೆ, ಅದರ ಮೇಲೆಲ್ಲ ಜಾಲರಿ. ಈ ಮೊಣಕಾಲೆತ್ತರದ ಗೋಡೆ ಹೊಟ್ಟು ಹೊರಗೆ ಚೆಲ್ಲದಂತೆ ತಡೆಯುತ್ತದೆ, ನೆಲಕ್ಕೆ ಹೊಡೆದು ಸಿಡಿಯುವ ಮಳೆನೀರನ್ನು ಹೊರಗೇ ನಿಲ್ಲಿಸುತ್ತದೆ, ನೆಲದ ಮೇಲೆ ಮಲಗುವ ಎಳೆಯ ಕೋಳಿಗಳಿಗೆ ಕುಳಿರ್ಗಾಳಿ ನೇರವಾಗಿ ತಾಗದಂತೆ ನೋಡಿಕೊಳ್ಳುತ್ತದೆ. ಗೂಡಿನ ಎತ್ತರ 6 ಅಡಿ ಏಕೆಂದು ವೆಲ್ಡಿಂಗ್ ಅಂಗಡಿಯವರು ಕೇಳಿದರು. ಒಳಗೆ ನೆಟ್ಟಗೆ ನಿಂತು ಗುಡಿಸಲು ಬರದ ಗೂಡನ್ನು ಯಾರೂ ಗುಡಿಸುವುದಿಲ್ಲ ಎಂಬುದೇ ಕಾರಣ. ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ ಅಂದದ ಕುಳ್ಳ ಪೆಟ್ಟಿಗೆಗಳ ದೊಡ್ಡ ಕೊರತೆಯೂ ಇದೇ.

ಜಾಲರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ, ತಿರುಚಿದ ತೆಳು ತಂತಿಯ ಬಲೆಯನ್ನು ಕೊಡುತ್ತಾರೆ. ಅದು ಕೋಳಿಯನ್ನು ಒಳಗಿಡುತ್ತದೆ, ಹೊರಗಿನದನ್ನು ಹೊರಗಿಡುವುದಿಲ್ಲ. ಹಟ ಹಿಡಿದ ನಾಯಿ ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಹರಿಯಬಲ್ಲದು. ಒಂದು ಅಂಗುಲದ ಕಣ್ಣಿನಲ್ಲಿ ಇಲಿಯೂ ಸಣ್ಣ ಹಾವೂ ಸಲೀಸಾಗಿ ನುಗ್ಗುತ್ತವೆ. ಗೂಡಿನ ಎಲ್ಲ ತೆರೆದ ಭಾಗಗಳಿಗೂ ನಾವು ಅರ್ಧ ಅಂಗುಲ ಚೌಕದ, ಬೆಸುಗೆ ಹಾಕಿದ ಸತುಲೇಪದ ಜಾಲರಿಯನ್ನೇ ಹಾಕಿಸಿದೆವು. ಗೋಡೆಗಳಿಗೂ ಚಾವಣಿಗೂ ಸೇರಿ ಸುಮಾರು ನೂರು ಚದರ ಅಡಿ ಬೇಕಾಯಿತು, ಇಡೀ ಗೂಡಿನ ಖರ್ಚಿನಲ್ಲಿ ಇದೇ ದೊಡ್ಡ ಬಾಬ್ತು. ಜಾಲರಿಯನ್ನು ಚೌಕಟ್ಟಿನ ಹೊರಬದಿಗೆ ಕೂರಿಸಿ, ಮೇಲೊಂದು ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿದಿದ್ದೇವೆ. ಹೊರಗಿನಿಂದ ಪ್ರಾಣಿ ಎಷ್ಟು ಬಲವಾಗಿ ತಳ್ಳಿದರೂ ಜಾಲರಿ ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಒಳಬದಿಗೆ ಕಟ್ಟುತಂತಿಯಿಂದ ಬಿಗಿದಿದ್ದರೆ ಅದೇ ತಳ್ಳುವಿಕೆಗೆ ತಂತಿ ಬಿಚ್ಚಿಕೊಳ್ಳುತ್ತಿತ್ತು. ಕೆಲಸ ಮುಗಿದ ಮೇಲೆ ಯಜಮಾನರು ಒಂದು ಪೆನ್ಸಿಲ್ ಹಿಡಿದು ಸುತ್ತಲೂ ಬಂದು, ಅದು ಅಡ್ಡಲಾಗಿ ಉರುಳಿ ನುಗ್ಗುವಷ್ಟು ಸಂದು ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಬಾಗಿಲಿನ ಅಡಿ, ಕಂಬಕ್ಕೂ ಗೋಡೆಗೂ ನಡುವಿನ ಜಾಗ, ಮಾಡಿನ ಮೂಲೆಗಳು ಇವೇ ಹೆಚ್ಚು ಸಿಕ್ಕವು. ಎಲ್ಲವನ್ನೂ ಜಾಲರಿಯ ತುಂಡು ಮತ್ತು ಗಾರೆಯಿಂದ ಮುಚ್ಚಿದೆವು.

ಪೂರ್ವಕ್ಕೆ ಆಳು ಹೋಗುವ 2 ಅಡಿ ಅಗಲದ ಬಾಗಿಲು. ಅದು ಹೊರಕ್ಕೆ ತೆರೆಯುತ್ತದೆ, ಮೇಲೊಂದು ಕೆಳಗೊಂದು ಚಿಲಕವಿದೆ. ಒಂದೇ ಚಿಲಕವಿದ್ದರೆ ಬಾಗಿಲಿನ ಕೆಳಮೂಲೆಯನ್ನು ನಾಯಿ ಮೂತಿಯಿಂದ ಬಾಗಿಸಿ ಸಂದು ಮಾಡಬಲ್ಲದು. ಹೊಸ್ತಿಲನ್ನು 6 ಅಂಗುಲ ಎತ್ತರಿಸಿದ್ದರಿಂದ ಬಾಗಿಲು ತೆರೆದಾಗ ಹೊಟ್ಟು ಹೊರಗೆ ಬರುವುದಿಲ್ಲ. ದಕ್ಷಿಣದ ಗೋಡೆಯಲ್ಲಿ ಕೋಳಿಗಳು ಅಂಗಳಕ್ಕೆ ಇಳಿಯಲು 12 ಅಂಗುಲ ಅಗಲ, 14 ಅಂಗುಲ ಎತ್ತರದ ಕಿಂಡಿಯಿದೆ. ಅದರ ತಗಡಿನ ಮುಚ್ಚಳ ಎರಡು ಜಾಡುಗಳ ನಡುವೆ ಮೇಲೆ ಕೆಳಗೆ ಸರಿಯುತ್ತದೆ, ಹೊರಗೆ ನಿಂತು ಹಗ್ಗ ಎಳೆದರೆ ಸಾಕು.

ಮಾಡು

ತಗಡು ಹೊದಿಸಿದ್ದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಆದರೆ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗಿನ ಗಾಳಿ ಒಲೆಯಂತೆ ಕಾಯುತ್ತದೆ, ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ದಾರಿ. ಪರಿಚಯದವರೊಬ್ಬರು ಹಳೆಯ ಮನೆ ಕೆಡವುತ್ತಿದ್ದರು, ಅಲ್ಲಿಂದ ಮಂಗಳೂರು ಹೆಂಚು ತಂದೆವು. ಗೋಡೆಯಿಂದ ಸುತ್ತಲೂ 2 ಅಡಿ ಸೂರು ಹೊರಚಾಚಿಸಿ ಎರಡೂ ಕಡೆ ಇಳಿಜಾರು ಕೊಟ್ಟಾಗ ಸುಮಾರು 130 ಹೆಂಚು ಹಿಡಿಯಿತು. ಹೆಂಚೊಂದು 2 ಕಿಲೋಗೂ ಮಿಕ್ಕಿ ತೂಗುವುದರಿಂದ ಮಾಡಿನ ಭಾರ ಹೆಚ್ಚುಕಡಿಮೆ 300 ಕಿಲೋ. ಕಂಬಕ್ಕೆ ಎರಡು ಇಂಚಿನ ಪೈಪು ಹಾಕಿದ್ದು ಇದಕ್ಕಾಗಿ. ಪಕಾಸಿಯ (ಇಳಿಜಾರಿನ ತೊಲೆಯ) ಮೇಲೆ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಹೊಡೆಯುವ ಮೊದಲು ನಿಮ್ಮ ಕೈಯಲ್ಲಿರುವ ಹೆಂಚನ್ನೇ ಇಟ್ಟು ಅಂತರ ಗುರುತು ಮಾಡಿಕೊಳ್ಳಿ. ಬೇರೆ ಬೇರೆ ಕಾರ್ಖಾನೆಗಳ ಹಳೆಯ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಒಂದೇ ಗುರುತಿನವನ್ನು ಆರಿಸಿಕೊಳ್ಳುವುದು ಕ್ಷೇಮ.

ಹೆಂಚಿನ ಮಾಡಿಗೆ ಒಂದು ದೌರ್ಬಲ್ಯವಿದೆ. ಪುನುಗು ಬೆಕ್ಕು ಹೆಂಚು ಸರಿಸಿ ಒಳಗಿಳಿಯುವುದನ್ನು ಮಲೆನಾಡಿನ ಅಂಚಿನ ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಗೋಡೆಯ ಮಟ್ಟದಲ್ಲಿ, ಹೆಂಚಿಗೂ ಕೋಳಿಗೂ ನಡುವೆ, ಅದೇ ಅರ್ಧ ಅಂಗುಲದ ಜಾಲರಿಯನ್ನು ಅಡ್ಡಲಾಗಿ ಬಿಗಿದಿದ್ದೇವೆ. ಜಾಲರಿಗೂ ಹೆಂಚಿಗೂ ನಡುವಿನ ತ್ರಿಕೋನವನ್ನು ಮುಚ್ಚದೆ ತೆರೆದೇ ಬಿಟ್ಟಿರುವುದರಿಂದ ಬಿಸಿಗಾಳಿಯೂ ಹಿಕ್ಕೆಯಿಂದ ಏಳುವ ಅಮೋನಿಯಾದ ಘಾಟೂ ಮೇಲಿನಿಂದ ಹೊರಬೀಳುತ್ತವೆ.

ಓರೆಮಳೆಗಾಗಿ ಉತ್ತರ ದಕ್ಷಿಣದ ಜಾಲರಿಗಳಿಗೆ ಗೋಣಿಪರದೆ ಹೊಲಿಸಿದೆವು. ಅದನ್ನು ಕಟ್ಟುವ ಕ್ರಮ ಕಿಟಕಿಯ ಪರದೆಗೆ ತದ್ವಿರುದ್ಧ: ಕೆಳ ಅಂಚು ಗೋಡೆಯ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ, ಹಗ್ಗ ಎಳೆದಾಗ ಪರದೆ ಕೆಳಗಿನಿಂದ ಮೇಲೇರುತ್ತದೆ, ಎಷ್ಟೇ ಏರಿಸಿದರೂ ಮೇಲೆ ಒಂದು ಅಡಿ ತೆರವು ಉಳಿಯುತ್ತದೆ. ಮಳೆಯೆಂದು ಹೆದರಿ ಟಾರ್ಪಾಲಿನಿಂದ ಗೂಡನ್ನು ಮೇಲಿನಿಂದ ಕೆಳಗಿನವರೆಗೆ ಸುತ್ತಿಬಿಡುವ ರೂಢಿಯನ್ನು ನಾನು ಸುತ್ತಮುತ್ತ ಬಹಳ ಕಂಡಿದ್ದೇನೆ. ಹಾಗೆ ಮುಚ್ಚಿದ ಗೂಡಿನಲ್ಲಿ ಬೆಳಗಾಗುವಷ್ಟರಲ್ಲಿ ಕಣ್ಣು ಉರಿಯುವಷ್ಟು ಘಾಟು ಕಟ್ಟಿರುತ್ತದೆ, ನೆಗಡಿ ಗೊರಗೊರ ಶುರುವಾಗುವುದು ಅಲ್ಲಿಂದಲೇ.

ಒಳಗಿನ ಸಾಮಾನು

ಕೋಳಿಗಳು ಏರಿ ಮಲಗಲು 2 ಅಡಿ ಎತ್ತರದಲ್ಲಿ ಎರಡು ಅಡ್ಡಗೋಲುಗಳನ್ನು ಒಂದೇ ಮಟ್ಟದಲ್ಲಿ, ಒಂದೂಕಾಲು ಅಡಿ ಅಂತರದಲ್ಲಿ ಕೂರಿಸಿದೆವು. ಮೆಟ್ಟಿಲಿನಂತೆ ಒಂದು ಎತ್ತರ ಒಂದು ತಗ್ಗು ಮಾಡಿದರೆ ಎತ್ತರದ ಜಾಗಕ್ಕೆ ದಿನವೂ ಜಗಳ. ಕೋಳಿಯೊಂದಕ್ಕೆ 8 ಅಂಗುಲ ಹಿಡಿದರೆ ಹನ್ನೊಂದಕ್ಕೆ ಏಳೂಕಾಲು ಅಡಿಯಷ್ಟು ಬೇಕು, ಎರಡು ಗೋಲು ಸೇರಿ ಅದಕ್ಕಿಂತ ಧಾರಾಳವಾಗಿಯೇ ಇದೆ. ಗೋಲು ಎರಡು ಅಂಗುಲ ಅಗಲದ ಮರದ್ದು, ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿದ್ದೇವೆ. ಕಬ್ಬಿಣದ ಪೈಪು ಚಳಿಗಾಲದಲ್ಲಿ ಕಾಲಿಗೆ ಕೊರೆಯುತ್ತದೆ. ಭಾರದ ತಳಿಯ ಕೋಳಿಗಳಿಗೆ ಗೋಲು ಇದಕ್ಕಿಂತ ಎತ್ತರವಿದ್ದರೆ ಕೆಳಕ್ಕೆ ಹಾರಿ ಹಾರಿ ಅಂಗಾಲು ಊದಿಕೊಳ್ಳುತ್ತದೆ.

ಮೊಟ್ಟೆಯಿಡಲು ನಾಲ್ಕೈದು ಹೇಂಟೆಗಳಿಗೆ ಒಂದು ಗೂಡುಪೆಟ್ಟಿಗೆ ಸಾಕು. ಮೂರು ಹಳೆಯ ಟೊಮೆಟೊ ಕ್ರೇಟುಗಳನ್ನು ಅಡ್ಡ ಮಲಗಿಸಿ, ಮುಂಭಾಗಕ್ಕೆ 4 ಅಂಗುಲದ ಹಲಗೆ ಹೊಡೆದು, ಒಳಗೆ ಭತ್ತದ ಹುಲ್ಲು ಹಾಕಿದ್ದೇವೆ. ಅವು ಅಡ್ಡಗೋಲಿಗಿಂತ ತಗ್ಗಿನಲ್ಲಿರಬೇಕು; ಕೋಳಿ ಮಲಗಲು ಗೂಡಿನಲ್ಲಿ ಸಿಗುವ ಅತಿ ಎತ್ತರದ ಜಾಗವನ್ನೇ ಹುಡುಕುತ್ತದೆ, ಪೆಟ್ಟಿಗೆಯೇ ಎತ್ತರವಾದರೆ ರಾತ್ರಿಯೆಲ್ಲ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ.

ಬಲೆಯಂಗಳಕ್ಕೆ ಅಷ್ಟು ಖರ್ಚು ಮಾಡಲಿಲ್ಲ, ಏಕೆಂದರೆ ಅದು ಹಗಲಿನ ಜಾಗ. 6 ಅಡಿ ಎತ್ತರಕ್ಕೆ ಸಾಧಾರಣ ಕೋಳಿಬಲೆ, ಕೆಳಗಿನ 2 ಅಡಿಗೆ ಮಾತ್ರ ಬೆಸುಗೆಯ ಜಾಲರಿ. ಹಗಲಿನ ಶತ್ರು ಮುಂಗುಸಿ; ಅದು ಬೇಲಿಯ ಬುಡದಲ್ಲೇ ತೋಡಲು ನೋಡುತ್ತದೆ. ಜಾಲರಿಯನ್ನು ನೆಲಮಟ್ಟದಲ್ಲಿ ಹೊರಕ್ಕೆ ಮಡಚಿ ಒಂದು ಅಡಿ ಹರಡಿ, ಮೇಲೆ ಮಣ್ಣು ಕಲ್ಲು ಹೇರಿಬಿಟ್ಟರೆ ತೋಡಿದಲ್ಲೆಲ್ಲ ಕಾಲಿಗೆ ತಂತಿಯೇ ಸಿಗುತ್ತದೆ. ಗಿಡುಗ ಮತ್ತು ಕಾಗೆಗಳ ಸಲುವಾಗಿ ಮೇಲೆ ನೈಲಾನ್ ಬಲೆ ಹೊದಿಸಿದೆ.

ಮರಿಗಳು

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ಮತ್ತು ಸ್ವರ್ಣಧಾರಾ ಎರಡೂ ಹಿತ್ತಿಲಿಗೆ ಹೊಂದುವ ತಳಿಗಳು. ಗಿರಿರಾಜ ಬಣ್ಣಬಣ್ಣದ ಪುಕ್ಕದ, ಮಾಂಸ ತುಂಬುವ ಭಾರದ ಕೋಳಿ. ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ. ಸ್ವರ್ಣಧಾರಾ ಅದಕ್ಕಿಂತ ಹಗುರ, ಚುರುಕು, ಮೊಟ್ಟೆಯೂ ಹೆಚ್ಚು. ಮೊಟ್ಟೆಯೇ ಮುಖ್ಯ ಉದ್ದೇಶವಾದ್ದರಿಂದ ನಾವು ಸ್ವರ್ಣಧಾರಾ ಆರಿಸಿದೆವು. ಮುಂಚಿತವಾಗಿ ಕಾದಿರಿಸಿ, ಸಂಕ್ರಾಂತಿ ಕಳೆದ ಮೇಲೆ ಒಂದು ದಿನದ 22 ಮರಿಗಳನ್ನು ತಂದದ್ದಾಯಿತು. ಹೆಣ್ಣು ಗಂಡು ಬೇರ್ಪಡಿಸದ ಮರಿಗಳಾದ್ದರಿಂದ ಹತ್ತು ಹೇಂಟೆ ಬೇಕೆಂದರೆ ಇಪ್ಪತ್ತು ಮರಿ ತರಲೇಬೇಕು. ಮೊಟ್ಟೆಯೊಡೆಯುವ ಮುನ್ನ ಹೀರಿಕೊಂಡ ಹಳದಿ ಭಾಗ ಮರಿಯ ಹೊಟ್ಟೆಯಲ್ಲಿ ಇರುವುದರಿಂದ ಮೊದಲ ಎರಡು ದಿನ ಮೇವಿಲ್ಲದೆಯೂ ಅದು ಪ್ರಯಾಣ ತಡೆಯುತ್ತದೆ. ಬೆಂಗಳೂರಿನಿಂದ ಹಾಸನದ ದಾರಿ ಅದಕ್ಕೆ ದೊಡ್ಡದಲ್ಲ. ಸಂಕ್ರಾಂತಿಯ ಲೆಕ್ಕಕ್ಕೂ ಕಾರಣವಿತ್ತು. ಆಗ ತಂದ ಮರಿಗಳು ಒಣ ಹವೆಯಲ್ಲಿ ಬೆಳೆದು, ಮುಂಗಾರು ಹಿಡಿಯುವಷ್ಟರಲ್ಲಿ ಮೈತುಂಬ ಪುಕ್ಕ ಹೊತ್ತಿರುತ್ತವೆ.

ಆದರೆ ಜನವರಿಯ ರಾತ್ರಿಗಳು ನಮ್ಮಲ್ಲಿ ಕೊರೆಯುತ್ತವೆ, ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಹಿಂದಿನ ಜಗುಲಿಯ ಕೋಣೆಯಲ್ಲಿ ರಟ್ಟನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ನಿಲ್ಲಿಸಿ 4 ಅಡಿ ಅಗಲದ ಆವರಣ ಮಾಡಿದೆವು. ಚೌಕ ಮಾಡಿದರೆ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ನೆಲಕ್ಕೆ ಎರಡು ಅಂಗುಲ ಹೊಟ್ಟು, ಮರಿಗಳು ಹೊಟ್ಟನ್ನೇ ಮೇವೆಂದು ತಿನ್ನದಂತೆ ಮೊದಮೊದಲು ಅದರ ಮೇಲೆ ಹಳೆಯ ಪತ್ರಿಕೆ. ಕಾವಿಗೆ ಅತ್ತೆಯವರ ಮಂಕರಿಯೇ ಒದಗಿತು: ಅದನ್ನು ಬೋರಲಾಗಿ ಸರಪಣಿಯಿಂದ ತೂಗುಹಾಕಿ, ಒಳಗೆ 40 ವಾಟಿನ ಎರಡು ತಂತಿಬಲ್ಬುಗಳನ್ನು ಬಿದಿರಿಗೆ ತಾಗದಂತೆ ಇಳಿಬಿಟ್ಟೆವು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ, ಹಳೆಯ ಬಲ್ಬುಗಳನ್ನೇ ಹುಡುಕಿ ತರಬೇಕು. ಎರಡು ಹಾಕಿದ್ದು ಒಂದು ಸುಟ್ಟುಹೋದರೂ ರಾತ್ರಿ ಕಳೆಯಲಿ ಎಂದು. ಬಲ್ಬನ್ನು ಬರೀ ವೈರಿನಿಂದ ನೇತುಹಾಕುವುದು ಬೇಡ. ಕಳಚಿ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯೇ. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಿದ್ದೆವು. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಇಡುವುದು ಮರಿಗಳಿಗೂ ಮನುಷ್ಯರಿಗೂ ಅಪಾಯ.

ಉಷ್ಣಮಾಪಕ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗಟ್ಟಿ ಚೀರುತ್ತಿದ್ದರೆ ಚಳಿ. ರಟ್ಟಿನಂಚಿಗೆ ಹೋಗಿ ರೆಕ್ಕೆ ಅಗಲಿಸಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು ಮೇಯುತ್ತಿದ್ದರೆ ಬಲ್ಬಿನ ಎತ್ತರ ಸರಿಯಾಗಿದೆ.

ಬಂದ ಕೂಡಲೇ ಕಾಯಿಸಿ ಆರಿಸಿದ ನೀರಿಗೆ ಬೆಲ್ಲ ಕದಡಿ, ಒಂದೊಂದೇ ಮರಿಯ ಕೊಕ್ಕನ್ನು ಅದ್ದಿ ಕುಡಿಯುವುದನ್ನು ಕಲಿಸಬೇಕು. ಆ ಕೆಲಸ ಮಕ್ಕಳದು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಿರಲು ಗೋಲಿಗಳನ್ನು ತುಂಬಬೇಕೆಂದಾಗ ಮಗ ತನ್ನ ಡಬ್ಬಿಯನ್ನು ಬಹಳ ಯೋಚಿಸಿ ಕೊಟ್ಟ. ಮೊದಲ ದಿನ ಪತ್ರಿಕೆಯ ಮೇಲೆ ಚೆಲ್ಲಿದ ಮುಸುಕಿನ ಜೋಳದ ರವೆ, ಆಮೇಲೆ ಎಂಟು ವಾರದವರೆಗೆ ಶೇಕಡಾ 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಮೇವು. ಎರಡು ಮರಿಗಳು ಮೊದಲ ವಾರದಲ್ಲೇ ಸತ್ತವು. ಅಷ್ಟು ನಷ್ಟ ಎಲ್ಲರಿಗೂ ಆಗುತ್ತದೆ, ಮಕ್ಕಳಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ಲಸಿಕೆಯ ವಿಷಯದಲ್ಲಿ ಸಣ್ಣ ಸಾಕಣೆದಾರರಿಗೆ ಒಂದು ತೊಡಕಿದೆ. ಕೊಕ್ಕರೆ ರೋಗ (ರಾಣಿಖೇತ್) ಒಮ್ಮೆ ಹೊಕ್ಕರೆ ಇಡೀ ಹಿಂಡನ್ನು ಮುಗಿಸುತ್ತದೆ, ಅದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ದಾರಿ. ಆದರೆ ಲಸಿಕೆಯ ಸೀಸೆ ನೂರು, ಇನ್ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳ ಪ್ರಮಾಣದಲ್ಲಿ ಬರುತ್ತದೆ, ಕದಡಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾವು ಅಕ್ಕಪಕ್ಕದಲ್ಲಿ ಕೋಳಿಯಿರುವ ಮನೆಗಳನ್ನು ಸೇರಿಸಿಕೊಂಡು ಪಶು ಆಸ್ಪತ್ರೆಯಲ್ಲಿ ಒಂದೇ ದಿನ ಗೊತ್ತುಮಾಡಿಸಿ, ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತಂದು ಹಂಚಿಕೊಂಡೆವು. ಮೊದಲ ವಾರದ ಕೊನೆಗೆ ಕಣ್ಣಿಗೊಂದು ಹನಿ ಕೊಕ್ಕರೆ ರೋಗದ ಲಸಿಕೆ ಲಸೋಟಾ, ಎರಡನೆಯ ವಾರ ಗಂಬೋರೊ ರೋಗದ್ದು, ನಾಲ್ಕನೆಯ ವಾರದ ಹೊತ್ತಿಗೆ ಲಸೋಟಾ ಮತ್ತೊಮ್ಮೆ ಕುಡಿಯುವ ನೀರಿನಲ್ಲಿ, ಮುಂದೆ ಕೋಳಿ ಸಿಡುಬಿನದು, ಎಂಟು ವಾರ ದಾಟಿದ ಮೇಲೆ ಕೊಕ್ಕರೆ ರೋಗಕ್ಕೇ ಆರ್‌ಟುಬಿ ಚುಚ್ಚುಮದ್ದು. ನೀರಿನಲ್ಲಿ ಕೊಡುವಾಗ ನಲ್ಲಿನೀರು ಬಳಸಬಾರದು, ಅದರ ಕ್ಲೋರಿನ್ ಲಸಿಕೆಯನ್ನು ಕೊಲ್ಲುತ್ತದೆ. ಬಾವಿನೀರಿಗೆ ಲೀಟರಿಗೆ 5 ಗ್ರಾಮಿನಂತೆ ಕೆನೆರಹಿತ ಹಾಲಿನ ಪುಡಿ ಬೆರೆಸಿ ಕೊಟ್ಟೆವು.

ಐದು ವಾರ ತುಂಬಿದ ಮೇಲೆ ಮರಿಗಳನ್ನು ಗೂಡಿಗೆ ಸಾಗಿಸಿದೆವು. ಮೊದಲ ಕೆಲವು ದಿನ ಕಿಂಡಿ ತೆರೆಯದೆ ಗೂಡಿನೊಳಗೇ ಇಟ್ಟಿದ್ದರಿಂದ ಮಲಗುವ ಜಾಗ ಇದೇ ಎಂಬುದು ಅವಕ್ಕೆ ಅಭ್ಯಾಸವಾಯಿತು. ಆಮೇಲೆ ಸಂಜೆ ಯಾರೂ ಅಟ್ಟುವ ಅಗತ್ಯವೇ ಬರಲಿಲ್ಲ. ಎಂಟನೆಯ ವಾರದ ಸುಮಾರಿಗೆ ಜುಟ್ಟು ಕೆಂಪೇರಿ ಕಾಲು ದಪ್ಪವಾದವು ಹುಂಜಗಳೆಂದು ತಿಳಿಯಿತು. ಹತ್ತು ಹೇಂಟೆ, ಹತ್ತು ಹುಂಜ. ಮಗ ಕೆಲವಕ್ಕೆ ಹೆಸರಿಡಲು ಹೊರಟಾಗ ಅತ್ತೆಯವರು, "ಹೆಸರಿಟ್ಟವರೇ ಕೊನೇತನಕ ಸಾಕಬೇಕು ನೋಡಪ್ಪ" ಎಂದರು; ಹೆಸರು ಒಂದಕ್ಕೇ ನಿಂತಿತು. ಉಳಿದ ಒಂಬತ್ತು ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮಲ್ಲಿಯೂ ನೆಂಟರಲ್ಲಿಯೂ ಸಂದವು. ಮಾಂಸ ತಿನ್ನದ ಮನೆಯವರು ಗಂಡುಮರಿಗಳನ್ನು ಏನು ಮಾಡುವುದೆಂದು ತರುವ ಮೊದಲೇ ಯೋಚಿಸಿರಬೇಕು. ಮೊಟ್ಟೆಗೆ ಹುಂಜದ ಅಗತ್ಯವಿಲ್ಲ, ಬೆಳಗಿನ ಜಾವದ ಕೂಗಿಗೆ ಎಲ್ಲ ನೆರೆಹೊರೆಯೂ ಒಪ್ಪುವುದಿಲ್ಲ.

ಮೇವು, ಮೊಟ್ಟೆ, ಮುಂಗಾರು

ಬೆಳೆದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಹನ್ನೊಂದಕ್ಕೆ ತಿಂಗಳಿಗೆ 40 ಕಿಲೋ ಹತ್ತಿರ. ಸಂಜೆ ಒಂದು ಗಂಟೆ ಹಿತ್ತಿಲಿಗೆ ಬಿಡುವುದರಿಂದಲೂ ತರಕಾರಿ ಸಿಪ್ಪೆ, ನುಗ್ಗೆಸೊಪ್ಪು, ರಾಗಿ ತೌಡುಗಳಿಂದಲೂ ಅಂಗಡಿಯ ಮೇವು ಸ್ವಲ್ಪ ಉಳಿಯುತ್ತದೆ, ಪೂರ್ತಿ ತಪ್ಪುವುದಿಲ್ಲ. ಮನೆಯ ಮಿಕ್ಕಿದ್ದನ್ನೇ ತಿಂದು ಈ ತಳಿಗಳು ಪೂರ್ತಿ ಮೊಟ್ಟೆ ಕೊಡುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಳೆಗಾಲದಲ್ಲಿ ಮೆಕ್ಕೆಜೋಳಕ್ಕೆ ಬೂಸಲು ಹತ್ತಿದ್ದರೆ ಆ ಚೀಲವನ್ನು ತಿಪ್ಪೆಗೆ ಸುರಿಯುವುದೇ ಸರಿ, ಬೂಸಲಿನ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ.

ಮೊದಲ ಮೊಟ್ಟೆ ಬಂದದ್ದು ಜುಲೈಯಲ್ಲಿ, ಕೋಳಿಗಳಿಗೆ ಆರು ತಿಂಗಳಾಗುವ ಹೊತ್ತಿಗೆ. ಅದಕ್ಕೆ ಮುಂಚೆಯೇ ಪೆಟ್ಟಿಗೆಗಳಲ್ಲಿ ಒಂದೊಂದು ಪ್ಲಾಸ್ಟಿಕ್ ಚೆಂಡು ಇಟ್ಟಿದ್ದೆವು. ಅದನ್ನು ಮೊಟ್ಟೆಯೆಂದು ತಿಳಿದು ಹೇಂಟೆಗಳು ಅಲ್ಲೇ ಇಡುವ ರೂಢಿ ಮಾಡಿಕೊಂಡವು. ಮೊಟ್ಟೆ ಶುರುವಾದ ಮೇಲೆ ಮೊಟ್ಟೆಯಿಡುವ ಕೋಳಿಗಳ ಲೇಯರ್ ಮೇವಿನ ಜೊತೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುತ್ತೇವೆ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಈ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಕಡಿಮೆ. ಮರಿ ಮಾಡಿಸಬೇಕೆಂದರೆ ನಾಟಿ ಹೇಂಟೆಯ ಕೆಳಗಿಡಬೇಕು, ಹಾಗೆ ಹುಟ್ಟಿದ ಮರಿಗಳಲ್ಲಿ ತಾಯಿಯ ಮೊಟ್ಟೆಯ ಗುಣ ಹಾಗೆಯೇ ಉಳಿಯುವುದಿಲ್ಲ.

ಗೂಡಿನೊಳಗಿನ ಹೊಟ್ಟನ್ನು ವಾರಕ್ಕೆರಡು ಸಲ ಕೆದರಿ ಮಗುಚುತ್ತೇವೆ. ಒಂದು ಹಿಡಿ ಎತ್ತಿ ಬಿಗಿಯಾಗಿ ಅದುಮಿ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ಮೂಗಿನ ಪರೀಕ್ಷೆಯನ್ನು ನಿಂತು ಮಾಡಿದರೆ ಉಪಯೋಗವಿಲ್ಲ, ಕೋಳಿಯ ಮಟ್ಟಕ್ಕೆ ಬಗ್ಗಿ ಮಾಡಬೇಕು. ಉಂಡೆ ಕಟ್ಟಿದ ಭಾಗವನ್ನು ತೆಗೆದು ಒಣ ಹೊಟ್ಟು ಸೇರಿಸುತ್ತೇವೆ. ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಎರಚುವ ಪದ್ಧತಿ ಹಲವೆಡೆ ಇದೆ, ಆದರೆ ಸುಣ್ಣ ತಾಗಿದಾಗ ಅಮೋನಿಯಾದ ಘಾಟು ಇನ್ನೂ ಏಳುತ್ತದೆ. ಸುಣ್ಣವನ್ನು ನಾವು ಗೂಡು ಖಾಲಿ ಮಾಡಿ ತೊಳೆದಾಗ ನೆಲಕ್ಕೂ ಗೋಡೆಗೂ ಬಳಿಯಲು ಮಾತ್ರ ಇಟ್ಟುಕೊಂಡಿದ್ದೇವೆ. ಒಳಗೆ ತೇವ ಬರುವುದು ಹೆಚ್ಚಾಗಿ ಮಳೆಯಿಂದಲ್ಲ, ನೀರಿನ ಪಾತ್ರೆಯಿಂದ. ಅದನ್ನು ಇಟ್ಟಿಗೆಯ ಮೇಲೆ ಕೋಳಿಯ ಬೆನ್ನಿನ ಎತ್ತರಕ್ಕೆ ಏರಿಸಿದ ದಿನದಿಂದ ಚೆಲ್ಲುವುದು ನಿಂತಿತು. ಮೈಮೇಲಿನ ಹೇನಿಗೆ ಹಳೆಯ ಟೈರಿನಲ್ಲಿ ಒಲೆಬೂದಿ ಮತ್ತು ಮರಳು ಬೆರೆಸಿ ಸೂರಿನ ಕೆಳಗೆ ಇಟ್ಟಿದ್ದೇವೆ, ಅದರಲ್ಲಿ ಹೊರಳಲು ಸರದಿ ನಿಲ್ಲುತ್ತವೆ.

ಮುಂಗಾರಿನಲ್ಲಿ ಗೂಡಿನ ಒಳಗು ಒಣಗಿಯೇ ಇತ್ತು, ಆದರೆ ಬಲೆಯಂಗಳ ಕೆಸರಾಯಿತು. ಹೆಂಚಿನಿಂದ ಇಳಿದ ನೀರೆಲ್ಲ ದಕ್ಷಿಣದ ಸೂರಿನಡಿ, ಕಿಂಡಿಯ ಎದುರಿಗೇ ಬೀಳುತ್ತಿತ್ತು. ರಕ್ತಭೇದಿಯ ರೋಗಾಣು ಬೆಳೆಯುವುದು ಇಂಥ ಬೆಚ್ಚನೆಯ ಒದ್ದೆ ನೆಲದಲ್ಲಿ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಸೂರಿಗೆ ದೋಣಿ ಕಟ್ಟಿ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದೆವು. ಕಿಂಡಿಯ ಮುಂದಿನ 4 ಅಡಿ ಜಾಗದ ಮಣ್ಣು ತೆಗೆದು ಜಲ್ಲಿ, ಅದರ ಮೇಲೆ ಮರಳು ಹಾಸಿದೆವು. ಉಳಿದ ಅಂಗಳಕ್ಕೆ ಒಣಗಿದ ತೆಂಗಿನ ಸಿಪ್ಪೆಯ ಚೂರು ಹರಡಿದ್ದು ಸಾಕಾಗಿದೆ. ಉತ್ತರದ ಸೂರಿಗೂ ದೋಣಿ ಕಟ್ಟುವುದು ಬಾಕಿ ಇದೆ, ಹಿಂಗಾರು ಶುರುವಾಗುವ ಮುನ್ನ ಆ ಕೆಲಸ ಮುಗಿಸಬೇಕು. ವರ್ಷದ ಹೊಟ್ಟನ್ನು ಬೇಸಿಗೆಯಲ್ಲಿ ತೆಗೆದು, ಗುಂಡಿಯಲ್ಲಿ ಕೆಲವು ತಿಂಗಳು ಕೊಳೆಸಿದ ಮೇಲೆಯೇ ತೆಂಗಿಗೆ ಹಾಕಬೇಕು; ಹಸಿ ಹಿಕ್ಕೆ ಬೇರನ್ನು ಸುಡುತ್ತದೆ. ಗುಂಡಿಗೆ ಜಾಗವನ್ನು ಒಗೆಯುವ ಕಲ್ಲಿನ ಹಿಂದೆ ಗುರುತು ಮಾಡಿಟ್ಟಿದ್ದೇವೆ.